ರಜೆ ದಿನಗಳಲ್ಲಿ ಮಕ್ಕಳ ಮಧ್ಯಾಹ್ನದ ಡಬ್ಬಿ

ಏಪ್ರಿಲ್ ಎರಡನೇ ವಾರ ಬಂತೆಂದರೆ ಶಾಲೆಗೆ ಬೀಗ. ಮೇ ಕೊನೆವರೆಗೆ ಮಕ್ಕಳು ಮನೆಯಲ್ಲೇ. ನಮ್ಮ ಶಿರಾ ಸೀಮೆಯಂಥ ಮಳೆ ಆಶ್ರಯದ ಊರುಗಳಲ್ಲಿ ದೊಡ್ಡವರಿಗೆ ಮಾತ್ರ ಆಗ ರಜೆ ಇಲ್ಲ. ಹುಣಸೆ ಬಡಿಯುವುದು, ಕೆರೆಗೋಡು ಹೊಡೆಯುವುದು, ತಿಪ್ಪೆ ಗೊಬ್ಬರ ಸಾಗಿಸುವುದು, ಉದ್ಯೋಗ ಖಾತ್ರಿ ಕೆಲಸ, ಎಲ್ಲಾ ಇದೇ ಹೊತ್ತಿಗೆ. ಬಿಸಿಲು ಏರುವ ಮೊದಲೇ ಆದಷ್ಟು ಮುಗಿಸೋಣ ಅಂತ ಆರು ಗಂಟೆಗೇ ಮನೆ ಬಿಡುತ್ತೇವೆ. ವಾಪಸು ಬರುವಾಗ ಎರಡೋ ಮೂರೋ ಗಂಟೆ. ಅಷ್ಟು ಹೊತ್ತು ಮನೆಯಲ್ಲಿ ಮಕ್ಕಳು, ಜೊತೆಗೆ ಒಬ್ಬರು ವಯಸ್ಸಾದವರು. ಮಧ್ಯಾಹ್ನ ಆ ಮಕ್ಕಳು ಏನು ತಿನ್ನುತ್ತಾರೆ?

ನಾನೂ ಈ ಪ್ರಶ್ನೆ ಕೇಳಿಕೊಂಡವನಲ್ಲ. ಅಡುಗೆ ಹೆಂಗಸರ ಪಾರುಪತ್ಯ ಅಂತ ಬಿಟ್ಟಿದ್ದೆ. 2022ರ ಬೇಸಿಗೆಯಲ್ಲಿ ನಮ್ಮನೆಯಾಕೆ ಮಗಳ ಬಾಣಂತನಕ್ಕೆ ಹೋದಳು. ಮಗ ಸೊಸೆ ಇಬ್ಬರೂ ಕೂಲಿಗೆ ಹೋಗಬೇಕು. ನಾನು ಹುಣಸೆ ಮರದ ಬುಡದಲ್ಲಿ. ಮನೆಯಲ್ಲಿ ಎಂಟು ವರ್ಷದ ಮೊಮ್ಮಗಳು, ಐದು ವರ್ಷದ ಮೊಮ್ಮಗ, ಅವರ ಜೊತೆ ಕಣ್ಣು ಮಂಜಾಗಿರುವ ನಮ್ಮವ್ವ. ಸೊಸೆ ಬೆಳಿಗ್ಗೆ ಐದಕ್ಕೇ ಎದ್ದು ಅನ್ನ, ಟೊಮೆಟೊ ಸಾರು ಮಾಡಿಟ್ಟು ಹೋಗುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಸಾರು ವಾಸನೆ ಬಂದಿದೆ. ಕುದಿಸಿದರೆ ಸರಿಹೋಗುತ್ತದೆ ಅಂತ ದೊಡ್ಡ ಹುಡುಗಿ ಗ್ಯಾಸ್ ಹಚ್ಚಿದ್ದಾಳೆ. ಅಮ್ಮ ಮಾಡುವುದನ್ನು ನೋಡಿದ್ದಾಳಲ್ಲ! ಹಚ್ಚಿದ್ದೇನೋ ಸರಿಯಾಗಿಯೇ ಹಚ್ಚಿದ್ದಾಳೆ. ಇಳಿಸುವಾಗ ಪಾತ್ರೆ ವಾಲಿ ಸಾರು ಚಿಕ್ಕವನ ಪಾದದ ಮೇಲೆ ಬಿತ್ತು. ಅವ್ವ ಗಾಬರಿಯಲ್ಲಿ ಹಲ್ಲುಜ್ಜುವ ಪೇಸ್ಟು ಬಳಿದರು. ನಾನು ಬಂದು ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಅಲ್ಲಿ ನರ್ಸಮ್ಮ ಆ ಪೇಸ್ಟು ತೆಗೆಯುವಾಗ ಹುಡುಗ ಅತ್ತದ್ದು, ಸುಟ್ಟಾಗ ಅತ್ತದ್ದಕ್ಕಿಂತ ಹೆಚ್ಚು. ‘ಪೇಸ್ಟು, ಇಂಕು, ಅರಿಶಿನ ಯಾವುದೂ ಹಚ್ಚಬೇಡಿ ಯಜಮಾನ್ರೇ. ತಣ್ಣೀರು ಇಪ್ಪತ್ತು ನಿಮಿಷ ಸುರೀರಿ. ಐಸೂ ಬೇಡ. ಒಂದು ಶುಭ್ರ ಬಟ್ಟೆ ಮುಚ್ಚಿ ಕರಕೊಂಡು ಬನ್ನಿ’ ಎಂದರು. ಕಲೆ ಇನ್ನೂ ಇದೆ. ಅವನು ಈಗ ಅದನ್ನು ಎಲ್ಲರಿಗೂ ತೋರಿಸಿಕೊಂಡು ಓಡಾಡುತ್ತಾನೆ. ನನಗೆ ಮಾತ್ರ ಅದನ್ನು ಕಂಡಾಗಲೆಲ್ಲ ಹೊಟ್ಟೆಯೊಳಗೆ ಚುರ್ ಎನ್ನುತ್ತದೆ.

ಆಮೇಲೆ ಉಳಿದ ರಜೆಯೆಲ್ಲ ಮಕ್ಕಳ ಮಧ್ಯಾಹ್ನದ ಊಟ ನನ್ನ ಪಾಲಿಗೆ ಬಂತು. ನಾನೇ ಕೇಳಿ ತೆಗೆದುಕೊಂಡದ್ದು. ಅಲ್ಲಿಂದ ಇಲ್ಲಿವರೆಗೆ ಪ್ರತಿ ರಜೆಗೂ ಅದು ನನ್ನದೇ ಕೆಲಸ. ತಪ್ಪಿ ತಪ್ಪಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಶಾಲೆ ಕೊಡುತ್ತಿದ್ದುದು ಎಷ್ಟು?

ನಮ್ಮ ರಾಜ್ಯದಲ್ಲಿ ಬಿಸಿಯೂಟ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಕಡೆಗೂ ಬಂತು. 2013ರಿಂದ ಹಾಲೂ ಸೇರಿತು. ಆಮೇಲೆ ಮೊಟ್ಟೆ, ಬಾಳೆಹಣ್ಣು. ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಅಂತ ಲೆಕ್ಕ. ಇದರಿಂದ 450 ಕ್ಯಾಲೊರಿ, 12 ಗ್ರಾಂ ಪ್ರೊಟೀನು ಸಿಗಬೇಕು. ರಜೆ ಬಂದ ದಿನ ಇಷ್ಟೂ ನಿಂತಿತು ಅಂತ ತಿಳಿಯಬೇಕು. 2023ರ ಮಳೆ ಕೈಕೊಟ್ಟು 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದಾಗ, 2024ರ ಬೇಸಿಗೆ ರಜೆಯಲ್ಲೂ ಆ ತಾಲ್ಲೂಕುಗಳ ಶಾಲೆಗಳಲ್ಲಿ ಊಟ ಹಾಕಿದರು. ಒಳ್ಳೆಯ ಕೆಲಸವೇ. ಆದರೆ ಪ್ರತಿ ವರ್ಷ ಹಾಗೆ ಆಗುವುದಿಲ್ಲ.

100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ. ಇದು ನಮಗೆ ಆಗದ ಮಾತೇ? ರಾಗಿ, ನವಣೆ, ಹೆಸರು, ಕಡ್ಲೆಕಾಯಿ ಬೆಳೆಯುವವರು ನಾವು. ನಮಗೆ ಧಾನ್ಯ ಇಲ್ಲದೆ ಕಷ್ಟವಾಗಿದ್ದಲ್ಲ. ಬೆಳಿಗ್ಗೆ ಮಾಡಿಟ್ಟದ್ದು ಮಧ್ಯಾಹ್ನದವರೆಗೆ ಕೆಡಬಾರದು, ಆ ಹೊತ್ತಿಗೆ ಮಗು ಒಲೆ ಮುಟ್ಟಬಾರದು, ತನ್ನ ಕೈಯಾರೆ ತಾನೇ ತಿನ್ನುವಂತಿರಬೇಕು. ಈ ಮೂರನ್ನು ಒಟ್ಟಿಗೆ ಹೊಂದಿಸುವುದೇ ಕಷ್ಟವಾಗಿತ್ತು.

ಹಾಗಾಗಿ ಸಾರು, ಹುಳಿ, ಕಾಯಿ ಹಾಕಿದ ಚಟ್ನಿ, ಕಾಯಿತುರಿ ಹಾಕಿದ ಪಲ್ಯ ಇವನ್ನೆಲ್ಲ ರಜೆಯ ಮಧ್ಯಾಹ್ನದಿಂದ ತೆಗೆದೇಬಿಟ್ಟೆ. ಏಪ್ರಿಲ್ ಬಿಸಿಲಿಗೆ ಶೀಟಿನ ಮನೆಯಲ್ಲಿ ಇವು ಹನ್ನೊಂದು ಗಂಟೆಗೇ ತಿರುಗುತ್ತವೆ. ಅವು ರಾತ್ರಿಗೆ ಇರಲಿ. ಮಧ್ಯಾಹ್ನಕ್ಕೆ ನಮ್ಮ ಹಿರಿಯರು ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದುದನ್ನೇ ನೆನೆಸಿಕೊಂಡೆ. ಅವರ ಬುತ್ತಿಯಲ್ಲಿ ಒಣಗಿದ್ದು, ಹುಳಿಯಾದದ್ದು, ಹುರಿದದ್ದು ಇರುತ್ತಿತ್ತು. ನೀರು ನೀರಾದದ್ದು ಇರುತ್ತಿರಲಿಲ್ಲ.

ಹುರಿಹಿಟ್ಟು

ಮೊದಲು ಹೇಳಬೇಕಾದ್ದು ಇದನ್ನೇ. ಒಂದು ಡಬ್ಬ ಹುರಿಹಿಟ್ಟು ಮನೆಯಲ್ಲಿದ್ದರೆ ಯಾವ ದಿನವೂ ಮಗು ಹಸಿದಿರುವುದಿಲ್ಲ. ಬೇಯಿಸುವಂತಿಲ್ಲ, ಬಿಸಿ ಮಾಡುವಂತಿಲ್ಲ, ಕಲಸಿದರೆ ಊಟ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಎಲುಬು ಬೆಳೆಯುವ ವಯಸ್ಸಿಗೆ ಯಾವುದು ಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ಮಾಡುವುದು ಹೀಗೆ. ಎರಡು ಕೆಜಿ ರಾಗಿಯನ್ನು ಕಲ್ಲು, ಹೊಟ್ಟು ಇಲ್ಲದಂತೆ ಹಸನು ಮಾಡಿ. ಸಂಜೆ ಹೆಚ್ಚೆಂದರೆ ಒಂದು ಲೋಟ ನೀರು ಚಿಮುಕಿಸಿ ಎರಡು ಕೈಯಿಂದ ಚೆನ್ನಾಗಿ ಕಲಸಿ, ಬಟ್ಟೆಯಲ್ಲಿ ಕಟ್ಟಿಡಿ. ಕಾಳಿನ ಒಳಗೆ ತೇವ ಇಳಿಯಬೇಕು, ಮೈ ಒದ್ದೆ ಇರಬಾರದು. ಬೆಳಿಗ್ಗೆ ಅರ್ಧ ಗಂಟೆ ನೆರಳಲ್ಲಿ ಹರಡಿ. ಆಮೇಲೆ ದಪ್ಪ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಒಂದೊಂದೇ ಹಿಡಿ ಹಾಕಿ, ಕೋಲಿನ ತುದಿಗೆ ಸುತ್ತಿದ ಬಟ್ಟೆಯಿಂದ ತಿರುಗಿಸುತ್ತಿರಿ. ಚಟಪಟ ಎಂದು ಬೆಳ್ಳಗೆ ಅರಳುತ್ತದೆ. ಎರಡು ಹಿಡಿ ಹಾಕಿದರೆ ಬಾಣಲೆ ತಣ್ಣಗಾಗಿ ಅರಳುವುದಿಲ್ಲ, ಬರೀ ಕಂದುತ್ತದೆ. ನನ್ನ ಮೊದಲ ಸಲದ್ದು ಅರ್ಧಕ್ಕರ್ಧ ಹಾಗೇ ಆಯಿತು. ಆದರೂ ಹಿಟ್ಟೇನೂ ಕೆಡಲಿಲ್ಲ. ಅರಳಿದ್ದು ಹೆಚ್ಚಿದ್ದಷ್ಟೂ ಘಮ ಹೆಚ್ಚು, ಅಷ್ಟೇ.

ನಾಲ್ಕು ಪಾಲು ಅರಳಿಗೆ ಒಂದು ಪಾಲು ಹುರಿಗಡಲೆ, ಎರಡು ಏಲಕ್ಕಿ ಸೇರಿಸಿ ಮಿಲ್ಲಿಗೆ ಕೊಡಿ. ಮಿಲ್ಲಿನಲ್ಲಿ ನಿಂತು ನೋಡಿ, ಬೇರೊಬ್ಬರ ರಾಗಿ ಬೀಸಿದ ಮೇಲೆ ನಿಮ್ಮದು ಹಾಕಿಸಿ. ನಾನು ಅವಸರಕ್ಕೆ ಕೊಟ್ಟು ಚಹಾ ಕುಡಿಯಲು ಹೋದೆ. ನನಗಿಂತ ಮುಂಚೆ ಬೀಸಿದ್ದು ಬ್ಯಾಡಗಿ ಮೆಣಸಿನಕಾಯಿ! ಆ ಎರಡು ಕೆಜಿ ಹಿಟ್ಟನ್ನು ನಾವು ದೊಡ್ಡವರೇ ಮಜ್ಜಿಗೆಗೆ ಕಲಸಿ ಖಾಲಿ ಮಾಡಬೇಕಾಯಿತು.

ಕೆಲವರು ಕಡ್ಲೆಬೀಜವನ್ನೂ ಜೊತೆಗೆ ಬೀಸಿಸುತ್ತಾರೆ. ಬೇಡ. ಬೀಜದ ಎಣ್ಣೆ ಬಿಸಿಲುಗಾಲದಲ್ಲಿ ಹದಿನೈದು ದಿನಕ್ಕೇ ಕಮಟು ಹಿಡಿಸುತ್ತದೆ, ಹಿಟ್ಟೆಲ್ಲಾ ಹಾಳು. ಹುರಿದ ಬೀಜದ ಪುಡಿ ಬೇರೆ ಡಬ್ಬಿಯಲ್ಲಿರಲಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಕುಟ್ಟಿಕೊಂಡರೆ ಸಾಕು.

ಮಧ್ಯಾಹ್ನ ಮಗು ಮಾಡಬೇಕಾದ್ದು ಇಷ್ಟೇ. ತಟ್ಟೆಗೆ ನಾಲ್ಕು ಚಮಚ ಹಿಟ್ಟು, ಒಂದು ಚಮಚ ಬೀಜದ ಪುಡಿ, ಪುಡಿ ಬೆಲ್ಲ, ಮೇಲೆ ಮಜ್ಜಿಗೆ ಅಥವಾ ನೀರು. ಬಾಳೆಹಣ್ಣು ಇದ್ದರೆ ಕಿವುಚಿ ಕಲಸಿದರೆ ಬೆಲ್ಲವೂ ಬೇಡ. ಹುಡುಗಿ ಉಂಡೆ ಕಟ್ಟುತ್ತಾಳೆ, ಹುಡುಗ ನೀರು ಹೆಚ್ಚು ಮಾಡಿ ಕುಡಿಯುತ್ತಾನೆ. ಒಣ ಹಿಟ್ಟನ್ನು ಬಾಯಿಗೆ ಹಾಕಿಕೊಂಡು ನಗಬೇಡಿ ಅಂತ ಮಾತ್ರ ಹೇಳಿರಬೇಕು. ನೆತ್ತಿಗೇರುತ್ತದೆ.

ಮೊಸರನ್ನದ ಒಂದು ಉಪಾಯ

ಬೆಳಿಗ್ಗೆ ಮೊಸರು ಕಲಸಿಟ್ಟರೆ ಮಧ್ಯಾಹ್ನಕ್ಕೆ ಹುಳಿ ಬಂದು ಮಕ್ಕಳು ಮೂಸುವುದಿಲ್ಲ. ಹಾಗಾಗಿ ಹಾಲಲ್ಲೇ ಕಲಸಬೇಕು. ಅನ್ನವನ್ನು ಸ್ವಲ್ಪ ಮೆತ್ತಗೆ ಮಾಡಿ, ಉಗುರು ಬೆಚ್ಚಗಾದ ಮೇಲೆ ಕಿವುಚಿ, ಎರಡು ಲೋಟ ಅನ್ನಕ್ಕೆ ಒಂದೂವರೆ ಲೋಟ ಕಾಯಿಸಿ ಆರಿಸಿದ ಹಾಲು, ಒಂದೇ ಚಮಚ ಮೊಸರು. ಆರು ಗಂಟೆಗೆ ಮುಚ್ಚಿಟ್ಟರೆ ಹನ್ನೆರಡರ ಹೊತ್ತಿಗೆ ಡಬ್ಬಿಯೊಳಗೇ ಹೊಸ ಮೊಸರಾಗಿರುತ್ತದೆ. ಸಿಹಿ ಮೊಸರು. ಬಿಸಿ ಅನ್ನಕ್ಕೆ ಹಾಕಿದರೆ ಹೆಪ್ಪು ಕೂರುವುದಿಲ್ಲ, ಹಾಲೂ ಹಾಳು. ಬೆರಳು ಅದ್ದಿ ನೋಡಿ ಹಾಕಿ. ಉಪ್ಪು ಒಂದು ಚಿಟಿಕೆ ಸಾಕು. ದಾಳಿಂಬೆ, ದ್ರಾಕ್ಷಿ ಹಾಕುವುದು ಪೇಟೆಯವರ ಶೋಕಿ. ನಮ್ಮಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಒಂದು ಹೋಳು.

ಅಕ್ಕಿ ಬದಲು ನವಣೆ ಅಕ್ಕಿಯಲ್ಲೂ ಇದು ಚೆನ್ನಾಗಿ ಆಗುತ್ತದೆ. ಒಂದು ಲೋಟಕ್ಕೆ ಮೂರು ಲೋಟ ನೀರಿಟ್ಟು ಮೆತ್ತಗೆ ಬೇಯಿಸಬೇಕು. ಮೊದಲ ವಾರ ನಮ್ಮ ಹುಡುಗ ‘ತಾತ, ಇದು ಗುಬ್ಬಿ ತಿನ್ನೋದು’ ಅಂತ ತಟ್ಟೆ ದೂರ ತಳ್ಳಿದ. ಆಮೇಲೆ ಅರ್ಧ ಅಕ್ಕಿ ಅರ್ಧ ನವಣೆ ಮಾಡಿದೆ. ಹದಿನೈದು ದಿನಕ್ಕೆ ಪೂರಾ ನವಣೆಗೆ ಬಂದ. ಮಕ್ಕಳಿಗೆ ಒಂದೇ ಸಲ ಬದಲಾಯಿಸಿದರೆ ನಾವೇ ಸೋಲುತ್ತೇವೆ.

ಹುಣಸೆ ಗೊಜ್ಜು

ನಮ್ಮ ಕಡೆ ಹುಣಸೆಗೆ ಬರವಿಲ್ಲ. ಹುಳಿ ಇರುವಲ್ಲಿ ಅನ್ನ ಬೇಗ ಕೆಡುವುದಿಲ್ಲ. ವಾರಕ್ಕೊಮ್ಮೆ ಹುಣಸೆ ರಸ, ಬೆಲ್ಲ, ಉಪ್ಪು, ಅರಿಶಿನ, ಒಗ್ಗರಣೆ ಹಾಕಿ ಎಣ್ಣೆ ಬಿಡುವವರೆಗೆ ಗಟ್ಟಿ ಕುದಿಸಿಡುತ್ತೇನೆ. ಮಕ್ಕಳದ್ದಕ್ಕೆ ಮೆಣಸಿನಕಾಯಿ ಎರಡೇ. ಬೆಳಿಗ್ಗೆ ನವಣೆ ಅಥವಾ ಅಕ್ಕಿ ಅನ್ನವನ್ನು ಉದುರುದುರಾಗಿ ಮಾಡಿ, ಅಗಲ ತಟ್ಟೆಯಲ್ಲಿ ಹರಡಿ ಪೂರಾ ಆರಿಸಿ, ಆಮೇಲೆ ಗೊಜ್ಜು, ಹುರಿದ ಬೀಜದ ಪುಡಿ ಕಲಸಿ ಡಬ್ಬಿಗೆ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಆವಿ ನೀರಾಗಿ ಅನ್ನದ ಮೇಲೇ ಬೀಳುತ್ತದೆ. ಕೆಡುವುದು ಅಲ್ಲಿಂದಲೇ ಶುರು. ಆರಿಸುವ ಕಾಲು ಗಂಟೆ ಉಳಿಸಲು ಹೋಗಿ ಎರಡು ಸಲ ಅನ್ನ ಎಮ್ಮೆಗೆ ಹಾಕಿದ್ದೇನೆ.

ಗೊಜ್ಜನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡಲೂಬಾರದು, ಇಡಲೂಬಾರದು. ಹುಳಿ ಲೋಹವನ್ನು ತಿನ್ನುತ್ತದೆ. ಪಿಂಗಾಣಿ ಜಾಡಿ ಅಥವಾ ಸ್ಟೀಲು. ಹಾಗೆಯೇ ಒಂದು ಮಾತು. ಔಷಧದ ಕ್ಯಾನು ತೊಳೆದು ಮಜ್ಜಿಗೆ, ನೀರು ತುಂಬುವವರು ಈಗಲೂ ಇದ್ದಾರೆ. ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ತೂತು ಹೊಡೆದು ಹಾಕಿ, ಮಕ್ಕಳ ಕೈಗೆ ಸಿಗಬಾರದು.

ಸುರುಳಿ ರೊಟ್ಟಿ

ರಾಗಿ ರೊಟ್ಟಿ ಆರಿದ ಮೇಲೆ ಚಕ್ಕೆಯಾಗುತ್ತದೆ, ಮಕ್ಕಳ ಹಲ್ಲಿಗೆ ಆಗುವುದಿಲ್ಲ ಎಂಬ ದೂರು ಇದೆ. ಕುದಿಯುವ ನೀರು ಹಾಕಿ ಹಿಟ್ಟು ಕಲಸಿದರೆ, ಜೊತೆಗೆ ಒಂದು ಹಿಡಿ ಹೆಚ್ಚಿದ ನುಗ್ಗೆಸೊಪ್ಪು ಸೇರಿಸಿದರೆ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ತೆಳ್ಳಗೆ ತಟ್ಟಿ ಬೇಯಿಸಿ, ಬಿಸಿ ಇರುವಾಗಲೇ ಮೇಲೆ ಒಂಚೂರು ತುಪ್ಪ ಸವರಿ, ಹುಚ್ಚೆಳ್ಳು ಪುಡಿ ಉದುರಿಸಿ, ಚಾಪೆ ಸುತ್ತಿದಂತೆ ಸುತ್ತಿಬಿಡಿ. ಆರಿದ ಮೇಲೆ ಬಟ್ಟೆಯಲ್ಲಿ ಮುಚ್ಚಿಡಿ. ಮಗು ಅದನ್ನು ಕೈಯಲ್ಲಿ ಹಿಡಿದು ಬೇವಿನ ಮರದ ಕೆಳಗೆ ಆಡುತ್ತಾ ತಿನ್ನುತ್ತದೆ. ತಟ್ಟೆ ಬೇಡ, ಕಲಸುವುದು ಬೇಡ.

ಹುಚ್ಚೆಳ್ಳು ಪುಡಿಗೆ ಹುಚ್ಚೆಳ್ಳನ್ನು ಸಣ್ಣ ಉರಿಯಲ್ಲಿ ಹುರಿದು, ಬೆಳ್ಳುಳ್ಳಿ, ಉಪ್ಪು, ಒಂದೇ ಒಂದು ಒಣಮೆಣಸಿನಕಾಯಿ ಹಾಕಿ ಕುಟ್ಟುವುದು. ಖಾರ ತಿನ್ನದ ಮಗುವಿಗೆ ಮೆಣಸಿನಕಾಯಿ ಬಿಟ್ಟು ಬೆಲ್ಲ ಹಾಕಿ ಕುಟ್ಟಿ. ಚಿಕ್ಕವನು ಇದನ್ನು ‘ಕರೀ ಸಕ್ಕರೆ’ ಅಂತಾನೆ.

ಕಾಳು, ಕಡ್ಲೆಕಾಯಿ

ಹೆಸರುಕಾಳು ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿದರೆ ಈ ಸೆಖೆಗೆ ಸಂಜೆಗೇ ಮೊಳಕೆ. ಮೊಳಕೆ ಕಾಳನ್ನು ಹಸಿಯಾಗಿ ಮಕ್ಕಳಿಗೆ ಕೊಡಬೇಡಿ. ಬಿಸಿಲುಗಾಲದಲ್ಲಿ ಆ ತೇವದಲ್ಲೇ ಕೆಟ್ಟ ಕ್ರಿಮಿಯೂ ಬೆಳೆಯುತ್ತದೆ. ಆವಿಯಲ್ಲಿ ಬೇಯಿಸಿ, ಒಗ್ಗರಣೆಯಲ್ಲಿ ನೀರು ಆರುವವರೆಗೆ ಹುರಿದು, ಕಾಯಿತುರಿ ಹಾಕದೆ ಉಸಲಿ ಮಾಡಿದರೆ ಹನ್ನೊಂದರ ಡಬ್ಬಿಗೆ ಆಗುತ್ತದೆ. ಎರಡು ಗಂಟೆಯ ಡಬ್ಬಿಗೆ ಇದನ್ನು ಹಾಕಬಾರದು. ಮೊಟ್ಟೆಯೂ ಹಾಗೆಯೇ. ಬೇಯಿಸಿ ಬೆಳಗಿನ ತಿಂಡಿ ಜೊತೆಗೇ ಎದುರಿಗೆ ಕೂರಿಸಿ ತಿನ್ನಿಸಿಬಿಡುತ್ತೇವೆ, ಮಧ್ಯಾಹ್ನಕ್ಕೆ ಇಡುವುದಿಲ್ಲ.

ಕಡ್ಲೆಬೀಜದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಪ್ರೊಟೀನು. ಬೆಲ್ಲದ ಪಾಕಕ್ಕೆ ಕುಟ್ಟಿದ ಬೀಜ ಹಾಕಿ ಉಂಡೆ ಕಟ್ಟಿದರೆ ಹದಿನೈದು ದಿನ ಇರುತ್ತದೆ. ಆದರೆ ಎರಡು ಎಚ್ಚರಿಕೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಲೇಬಾರದು. ಓಡುತ್ತಾ ನಗುತ್ತಾ ತಿನ್ನುವಾಗ ಉಸಿರುನಾಳಕ್ಕೆ ಹೋದರೆ ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಸಿಗದು. ಇನ್ನೊಂದು, ನಾವು ರೈತರು ಮಾಡುವ ತಪ್ಪು. ಒಳ್ಳೆಯ ಕಾಯಿ ಮಂಡಿಗೆ, ಸುಕ್ಕು ಮುದುಡಿದ್ದು, ಬೂಷ್ಟು ಹಿಡಿದದ್ದು ಮನೆಗೆ! ಕಡ್ಲೆಕಾಯಿಯ ಮೇಲೆ ಬರುವ ಹಸಿರು ಹಳದಿ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ, ಪಿತ್ತಜನಕಾಂಗ ಅಂದರೆ ಲಿವರಿಗೆ ಕೇಡು. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಬಣ್ಣ ಕೆಟ್ಟದ್ದು, ಸುಕ್ಕಾದದ್ದು, ಬಾಯಿಗೆ ಕಹಿ ಬಂದದ್ದು ಬಿಸಾಕಿ. ದನಕ್ಕೂ ಹಾಕಬೇಡಿ, ಹಾಲಿನಲ್ಲೂ ಬರುತ್ತದೆ.

ಅಂಬಲಿ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆಲ್ಲ ಗೊತ್ತು. ರಾಗಿ ಹಿಟ್ಟು ರಾತ್ರಿಯೇ ನೀರಲ್ಲಿ ಕದಡಿಟ್ಟು, ಬೆಳಿಗ್ಗೆ ಕುದಿಸಿ ಆರಿಸಿ, ಮಜ್ಜಿಗೆ ಉಪ್ಪು ಹಾಕಿ ಮಡಕೆಯಲ್ಲಿಟ್ಟರೆ ಬಾಯಾರಿಕೆಗೂ ಅದೇ, ಹಸಿವೆಗೂ ಅದೇ. ಮಡಕೆ ಸುತ್ತ ಒದ್ದೆ ಗೋಣಿಪಟ್ಟೆ ಸುತ್ತಿ ಮರಳಿನ ಮೇಲಿಡಿ. ಮಕ್ಕಳು ಕೈ ಅದ್ದದಂತೆ ನಲ್ಲಿ ಇರುವ ಮಡಕೆ ಸಿಕ್ಕರೆ ಇನ್ನೂ ವಾಸಿ. ನಮ್ಮ ಕಡೆ ಬೋರಿನ ನೀರಲ್ಲಿ ಫ್ಲೋರೈಡ್ ಇರುವ ಊರುಗಳು ಬಹಳ. ಕುಡಿಯಲು ಮಾತ್ರ ಘಟಕದ ನೀರು, ಅಡುಗೆಗೆ ಬೋರಿನ ನೀರು ಎಂದರೆ ಪ್ರಯೋಜನವಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಅಂಬಲಿಗೂ ಅನ್ನಕ್ಕೂ ಅದೇ ಘಟಕದ ನೀರೇ ಇರಲಿ.

ಎರಡು ಡಬ್ಬಿ

ಮಕ್ಕಳು ಮಧ್ಯಾಹ್ನ ಒಂದೇ ಸಲ ಕೂತು ಹೊಟ್ಟೆ ತುಂಬ ತಿನ್ನುವುದಿಲ್ಲ. ಹಾಗಾಗಿ ಒಬ್ಬೊಬ್ಬರಿಗೆ ಎರಡೆರಡು ಸಣ್ಣ ಸ್ಟೀಲ್ ಡಬ್ಬಿ ತಂದೆ. ಒಂದು ಹನ್ನೊಂದಕ್ಕೆ, ಒಂದು ಎರಡಕ್ಕೆ. ಅವರವರ ಡಬ್ಬಿಗೆ ಅವರವರೇ ಬಣ್ಣದ ದಾರ ಕಟ್ಟಿಕೊಂಡಿದ್ದಾರೆ. ಮುಚ್ಚಳ ಚಿಕ್ಕವನ ಕೈಗೂ ತೆಗೆಯಲು ಬರುವಂತಿರಬೇಕು, ಅಂಗಡಿಯಲ್ಲೇ ಅವನ ಕೈಲಿ ತೆಗೆಸಿ ನೋಡಿ ತಂದೆ. ಅಗಲ ಬೋಸಿಯಲ್ಲಿ ನಾಲ್ಕು ಬೆರಳು ನೀರು ಹಾಕಿ, ಡಬ್ಬಿಗಳನ್ನು ಅದರಲ್ಲಿಟ್ಟು ಒದ್ದೆ ಬಟ್ಟೆ ಹೊದಿಸುತ್ತೇವೆ. ತಣ್ಣಗೂ ಇರುತ್ತದೆ, ಇರುವೆಯೂ ಬರುವುದಿಲ್ಲ. ಹೊತ್ತು ಹೇಳುವುದು ನಮ್ಮವ್ವನ ಕೆಲಸ. ಅವರಿಗೆ ಗಡಿಯಾರ ಕಾಣುವುದಿಲ್ಲ, ಆದರೆ ಜಗಲಿಯ ನೆರಳು ಕಾಲಿಗೆ ತಾಕಿದರೆ ಸಾಕು, ‘ಬರ್ರೋ ಮಕ್ಕಳಾ, ಮೊದಲನೇ ಡಬ್ಬಿ’ ಅಂತ ಕೂಗುತ್ತಾರೆ. ಬೆಳಿಗ್ಗೆ ಹೊರಡುವಾಗ ಗ್ಯಾಸಿನ ಸಿಲಿಂಡರಿನ ಬಳಿಯೇ ಬಂದ್ ಮಾಡಿ, ಬೆಂಕಿಪೊಟ್ಟಣ ನನ್ನ ಜೇಬಿಗೆ.

ರಾಶಿಯಾದಾಗಲೇ ಎತ್ತಿಡಿ

ಇದನ್ನು ಬರೆಯಲೆಂದೇ ಮೇಲಿನದ್ದೆಲ್ಲ ಬರೆದೆ ಎಂದರೂ ಸರಿ. ಏಪ್ರಿಲಿನಲ್ಲಿ ಮಕ್ಕಳ ಊಟಕ್ಕೆ ಯೋಚಿಸಿದರೆ ತಡವಾಯಿತು. ರಾಶಿ ಮಾಡಿದ ದಿನವೇ ಬೀಜಕ್ಕೆ ಎತ್ತಿಡುವಂತೆ ರಜೆಯ ಪಾಲನ್ನೂ ಎತ್ತಿಡಬೇಕು. ಮಂಡಿಗೆ ಮೂಟೆ ಹೊರಟ ಮೇಲೆ ಉಳಿಯುವುದು ಗುಡಿಸಿದ್ದು ಮಾತ್ರ.

ಎರಡು ಮಕ್ಕಳು, 45 ದಿನ ಅಂತ ಇಟ್ಟುಕೊಳ್ಳಿ. ಶಾಲೆಯ ಲೆಕ್ಕದಂತೆ ಒಬ್ಬರಿಗೆ 100 ಗ್ರಾಂ ಧಾನ್ಯ ಎಂದರೆ ಒಟ್ಟು ಒಂಬತ್ತು ಕೆಜಿ. ನಾನು ಆರು ಕೆಜಿ ರಾಗಿ, ಮೂರು ಕೆಜಿ ನವಣೆ ಅಕ್ಕಿ ಬರುವಂತೆ ಸಿಪ್ಪೆ ಸಹಿತ ಐದು ಕೆಜಿ ನವಣೆ ಇಡುತ್ತೇನೆ. ಬೇಳೆಗೆ 20 ಗ್ರಾಂನಂತೆ ಎರಡು ಕೆಜಿಯೂ ಆಗುವುದಿಲ್ಲ, ಮೂರು ಕೆಜಿ ಹೆಸರು ಇಡುತ್ತೇನೆ. ಸಿಪ್ಪೆ ಸಹಿತ ಕಡ್ಲೆಕಾಯಿ ನಾಲ್ಕು ಕೆಜಿ, ಹುಚ್ಚೆಳ್ಳು ಒಂದು ಕೆಜಿ. ಕೊಳ್ಳಬೇಕಾದ್ದು ಬೆಲ್ಲ ಮೂರು ಕೆಜಿ, ಹುರಿಗಡಲೆ ಒಂದೂವರೆ ಕೆಜಿ. ಇಷ್ಟೇ. ಇದನ್ನು ಬೇವಿನ ಸೊಪ್ಪು ಹಾಕಿದ ಡ್ರಮ್ಮಿನಲ್ಲಿಟ್ಟು, ಮೊಮ್ಮಗಳ ಕೈಯಲ್ಲಿ ‘ನಮ್ಮದು’ ಅಂತ ಬರೆಸಿದ್ದೇನೆ. ಅದಕ್ಕೆ ಕೈ ಹಾಕಲು ನನಗೂ ಅವಳ ಅಪ್ಪಣೆ ಬೇಕು.

ಹೆಸರು, ಹುಚ್ಚೆಳ್ಳಿಗೆ ಬೇರೆ ಜಮೀನು ಬೇಡ. ರಾಗಿಯಲ್ಲಿ ಅಕ್ಕಡಿ ಸಾಲು ಬಿಡುವುದನ್ನು ನಾವು ಕೂರಿಗೆ ಬಿಟ್ಟ ಮೇಲೆ ಮರೆತಿದ್ದೇವೆ. ಈಗ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕುತ್ತೇನೆ, ಬದುವಿನ ಕಡೆ ಹುಚ್ಚೆಳ್ಳು, ಮನೆಗೆ ಹತ್ತಿರದ ಹೊಲದಲ್ಲಿ ಒಂದು ಸಾಲು ಅವರೆ. ಮುಂಗಾರು ಮುಂಚೆಯೇ ಒಂದು ಹದ ಮಳೆ ಬಿದ್ದರೆ ಹೆಸರು ಚೆಲ್ಲುತ್ತೇನೆ, ಅದು ಎರಡು ತಿಂಗಳ ಬೆಳೆ. ಬಚ್ಚಲ ನೀರಿಗೆ ಒಂದು ನುಗ್ಗೆ, ಒಂದು ಪಪ್ಪಾಯಿ, ನಾಲ್ಕು ಬಾಳೆ.

ಐದು ರೂಪಾಯಿ ಪೊಟ್ಟಣ

ಮಕ್ಕಳ ಕೈಗೆ ದುಡ್ಡು ಕೊಟ್ಟು ‘ಅಂಗಡಿಯಲ್ಲಿ ಏನಾದ್ರೂ ತಗೊಳ್ಳಿ’ ಎನ್ನುವುದು ಸುಲಭ. ನಾನೂ ಕೊಟ್ಟವನೇ. ಎರಡು ಮಕ್ಕಳು, ದಿನಕ್ಕೆ ಎರಡೆರಡು ಪೊಟ್ಟಣ, ಇಪ್ಪತ್ತು ರೂಪಾಯಿ. 45 ದಿನಕ್ಕೆ 900. 2024-25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4290 ರೂಪಾಯಿ ಇತ್ತು. ಅಂದರೆ ಆ ಒಂಬೈನೂರಕ್ಕೆ ಹತ್ತಿರ ಹತ್ತಿರ 21 ಕೆಜಿ ರಾಗಿ ಕೊಟ್ಟಂತಾಯಿತು. ಬದಲಿಗೆ ಬಂದದ್ದು ಉಪ್ಪು, ಎಣ್ಣೆ, ಗಾಳಿ. ಪೂರಾ ನಿಲ್ಲಿಸಿ ಎಂದರೆ ಯಾವ ಮಗುವೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಸಂತೆಯ ದಿನ ಒಂದು ಪೊಟ್ಟಣ ಉಂಟು. ಅದೂ ಎರಡೂ ಡಬ್ಬಿ ಖಾಲಿಯಾದ ಮೇಲೆ.

ದಸರಾ ರಜೆಯ ಹೊತ್ತಿಗೆ ಇಷ್ಟು ಕಷ್ಟವಿಲ್ಲ. ಸೆಖೆ ಕಡಿಮೆ, ಕಡ್ಲೆಕಾಯಿ ಕೀಳುವ ಕಾಲ, ಮಕ್ಕಳು ಹೊಲದಲ್ಲೇ ನಮ್ಮ ಜೊತೆ ಇರುತ್ತಾರೆ. ಹಸಿಕಾಯಿ ಸುಟ್ಟು ತಿನ್ನುವುದೇ ಅರ್ಧ ಊಟ. ಈ ವರ್ಷದ ಬೇಸಿಗೆಗೆ ಮೊಮ್ಮಗಳು ಹೊಸ ಬೇಡಿಕೆ ಇಟ್ಟಿದ್ದಾಳೆ. ಹುರಿಹಿಟ್ಟಿಗೆ ರಾಗಿ ಅರಳಿಸುವಾಗ ತಾನೂ ತಿರುಗಿಸಬೇಕಂತೆ. ನಾನು ಪಕ್ಕದಲ್ಲಿ ಕೂತಿರುವ ದಿನ, ಉದ್ದ ಕೋಲು ಕೊಟ್ಟು, ನೆಲದ ಒಲೆಯಿಂದ ಎರಡು ಮೊಳ ದೂರ ಕೂರಿಸಿ, ಒಂದು ಹಿಡಿ ಅವಳಿಗೆ ಬಿಡುವುದು ಅಂತ ಒಪ್ಪಂದವಾಗಿದೆ.